ಕನ್ನಡ ಪುಸ್ತಕದ ಪುಟವಿನ್ಯಾಸ: ಲೇಖಕರ ಕಡತದಿಂದ ಮುದ್ರಣದ ಪಿಡಿಎಫ್‌ವರೆಗೆ

ಡೆಮಿ 1/8 ಆಕಾರದ, ಇನ್ನೂರು ಪುಟದೊಳಗಿನ ಪ್ರಬಂಧ ಸಂಕಲನವೊಂದನ್ನು ಲೇಖಕರು ಕಳುಹಿಸಿದ ಕಡತದಿಂದ ಆರಂಭಿಸಿ ಮುದ್ರಣಾಲಯಕ್ಕೆ ಒಪ್ಪಿಸುವ ಪಿಡಿಎಫ್‌ವರೆಗೆ ಸಿದ್ಧಪಡಿಸುವ ಕೆಲಸವನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಪುಟವಿನ್ಯಾಸಕ್ಕೆಂದೇ ಇರುವ, ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ ಸ್ಕ್ರೈಬಸ್; ಅದೇ ಕೆಲಸಕ್ಕೆ ಹಣ ಕೊಟ್ಟು ಪಡೆಯುವ ಇನ್‌ಡಿಸೈನ್ ಬಳಸುವವರಿಗೆ ಬೇರೆ ಸೂಚನೆ ಅಗತ್ಯವಾದಲ್ಲಿ ಅದನ್ನೂ ಹೇಳಿದ್ದೇನೆ. ಕನ್ನಡದ ಪುಟ ಕಟ್ಟುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಪಠ್ಯದೊಳಗೆ ಮೊದಲೇ ಅಡಗಿರುತ್ತವೆ ಎಂಬುದು ನನ್ನ ಅನುಭವವಾದ್ದರಿಂದ, ಪುಟವಿನ್ಯಾಸದ ತಂತ್ರಾಂಶವನ್ನು ತೆರೆಯುವುದಕ್ಕೂ ಮುಂಚಿನ ಕೆಲಸಕ್ಕೆ ಇಲ್ಲಿ ಹೆಚ್ಚು ಜಾಗ ಸಿಕ್ಕಿದೆ.

ತಂತ್ರಾಂಶ ಯಾವುದಿರಬೇಕು

ಕರ್ನಾಟಕದ ಡಿಟಿಪಿ (ಗಣಕದಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ) ಕೇಂದ್ರಗಳನ್ನು ಬಹುಕಾಲ ಆಳಿದ್ದು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ. 1985ರಲ್ಲಿ ಹುಟ್ಟಿದ ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ, ತಿಳಿಯದ ಕಾರಣ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಬದಲಾಯಿಸಿದೊಡನೆ ಇಡೀ ಲೇಖನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುವುದನ್ನು ಕಂಡವರಿಗೆ ಇದರ ಪರಿಣಾಮ ಗೊತ್ತಿದೆ. ಇಂದು ಹೊಸದಾಗಿ ಕೈಗೆತ್ತಿಕೊಳ್ಳುವ ಯಾವ ಪುಸ್ತಕವನ್ನೂ ಆ ದಾರಿಯಲ್ಲಿ ಆರಂಭಿಸಬಾರದು. ಮರುಮುದ್ರಣಕ್ಕಾಗಲಿ ಇ-ಪುಸ್ತಕಕ್ಕಾಗಲಿ ಅದೇ ಪಠ್ಯವನ್ನು ಬಳಸಬೇಕಾದಾಗ ಎರಡು ಪಟ್ಟು ಶ್ರಮ ಬೀಳುತ್ತದೆ.

ಸ್ಕ್ರೈಬಸ್ ಆರಿಸಿಕೊಳ್ಳುವವರು ಆವೃತ್ತಿಯ ಸಂಖ್ಯೆಯನ್ನು ನೋಡಲೇಬೇಕು. 1.4ರ ಸರಣಿಯಲ್ಲಿ ಒತ್ತಕ್ಷರಗಳು ಕೂಡುವುದಿಲ್ಲ. ಭಾರತೀಯ ಲಿಪಿಗಳ ಸರಿಯಾದ ಜೋಡಣೆ ಬಂದದ್ದು 1.5.3ರಲ್ಲಿ, ಅದು ಸ್ಥಿರ ಆವೃತ್ತಿಯಾಗಿ ಎಲ್ಲರ ಕೈಸೇರಿದ್ದು 2024ರ ಜನವರಿಯಲ್ಲಿ ಬಿಡುಗಡೆಯಾದ 1.6ರಲ್ಲಿ. ಇನ್‌ಡಿಸೈನ್‌ನಲ್ಲಿ ಸಿಎಸ್ 6ರಿಂದ ಈಚಿನ ಆವೃತ್ತಿಗಳು ಕನ್ನಡವನ್ನು ಬಲ್ಲವಾದರೂ, ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ (ಪ್ಯಾರಾದ ಫಾಂಟು, ಗಾತ್ರ, ಅಂತರಗಳನ್ನು ಒಂದೇ ಹೆಸರಿನಡಿ ಕೂಡಿಟ್ಟ ಗೊತ್ತುಪಾಡು) ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆಮಾಡದಿದ್ದರೆ ಅಲ್ಲಿಯೂ ಅಕ್ಷರಗಳು ಚದುರುತ್ತವೆ. ಇನ್‌ಡಿಸೈನ್‌ನಲ್ಲಿ ಕನ್ನಡ ಬರುವುದೇ ಇಲ್ಲವೆಂದು ದೂರುವವರಲ್ಲಿ ಅನೇಕರು ಈ ಒಂದು ಆಯ್ಕೆಯನ್ನು ಬಿಟ್ಟಿರುತ್ತಾರೆ.

ಪಠ್ಯವನ್ನು ಹಸನು ಮಾಡುವುದು

ಬಿತ್ತುವ ಮೊದಲು ನೆಲ ಹಸನಾಗಬೇಕಾದಂತೆ ಪುಟಕ್ಕೆ ಸುರಿಯುವ ಮೊದಲು ಪಠ್ಯ ಹಸನಾಗಬೇಕು. ಈ ಕೆಲಸವನ್ನು ಲಿಬ್ರೆಆಫೀಸ್ ರೈಟರ್ ಅಥವಾ ವರ್ಡ್‌ನಲ್ಲಿಯೇ ಮುಗಿಸಿಕೊಳ್ಳುವುದು ಸುಲಭ. ಹುಡುಕಿ ಬದಲಾಯಿಸುವ ಸೌಲಭ್ಯ ಅಲ್ಲಿ ವೇಗವಾಗಿದೆ, ತಪ್ಪಿದರೆ ಹಿಂದಿರುಗುವುದೂ ಕಷ್ಟವಲ್ಲ.

ಲೇಖಕರ ಕಡತ ಹಳೆಯ ನುಡಿ ಅಥವಾ ಬರಹದ ಸಂಕೇತದಲ್ಲಿದ್ದರೆ ಮೊದಲು ಅದನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿರಿ. ಯಾವ ಪರಿವರ್ತಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅತ್ಯಂತ ಸಾಮಾನ್ಯವಾದ ದೋಷ ಅರ್ಕಾವೊತ್ತಿನದು. ಹಳೆಯ ಫಾಂಟ್‌ನಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಒತ್ತಲಾಗುತ್ತಿತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟ ನಡೆಯದೆ ಹೋದಾಗ ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ ಆಗುತ್ತದೆ, ‘ಧರ್ಮ’ವು ‘ಧಮರ್’ ಆಗುತ್ತದೆ. ಇದನ್ನು ಹಿಡಿಯಲು ‘ಯರ್’, ‘ಮರ್’, ‘ಥರ್’, ‘ವರ್’ ಎಂಬ ಜೋಡಿಗಳನ್ನು ಒಂದೊಂದಾಗಿ ಹುಡುಕಿ ನೋಡಬೇಕು. ಎಲ್ಲವನ್ನೂ ಒಮ್ಮೆಲೇ ಬದಲಾಯಿಸುವ ಗುಂಡಿಯನ್ನು ಮಾತ್ರ ಒತ್ತಬೇಡಿರಿ, ಏಕೆಂದರೆ ‘ಮೇಯರ್’ ಮತ್ತು ‘ಪವರ್’ ಸರಿಯಾದ ಪದಗಳೇ.

ಎರಡನೆಯದು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿರುವುದು. ತೆರೆಯ ಮೇಲೆ ‘ಂ’ ಮತ್ತು ‘೦’ ಒಂದೇ ರೀತಿ ಕಾಣುತ್ತವೆ. ಆದರೆ ಅವು ಬೇರೆ ಬೇರೆ ಅಕ್ಷರಗಳಾದ್ದರಿಂದ ಹುಡುಕಾಟದಲ್ಲಿ ಪದ ಸಿಗುವುದಿಲ್ಲ, ಕಾಗುಣಿತ ಪರೀಕ್ಷೆ ಅದನ್ನು ತಪ್ಪೆನ್ನುತ್ತದೆ, ಫಾಂಟ್ ಬದಲಾಯಿಸಿದಾಗ ಗಾತ್ರದ ವ್ಯತ್ಯಾಸವೂ ಎದ್ದು ಕಾಣುತ್ತದೆ. ಪುಸ್ತಕದಲ್ಲಿ 1, 2, 3 ಎಂಬ ಅಂಕಿಗಳನ್ನೇ ಬಳಸುವುದೆಂದು ನಿಶ್ಚಯಿಸಿದ್ದರೆ ಕನ್ನಡದ ಸೊನ್ನೆಯನ್ನೆಲ್ಲ ಅನುಸ್ವಾರಕ್ಕೆ ಬದಲಾಯಿಸಬಹುದು. ಕನ್ನಡ ಅಂಕಿಗಳನ್ನು ಬಳಸುವವರು ೧೦, ೨೦೦ ಮುಂತಾದವನ್ನು ಕೆಡಿಸಿಕೊಳ್ಳದಂತೆ ಅಂಕಿಯ ನಂತರ ಬಂದ ಸೊನ್ನೆಯನ್ನು ಬಿಟ್ಟು ಉಳಿದವನ್ನು ಮಾತ್ರ ತಿದ್ದಬೇಕು. ಇದೇ ಬಗೆಯಲ್ಲಿ ವಿಸರ್ಗದ ಬದಲು ಕೋಲನ್ ಒತ್ತಿರುವ ‘ದುಃಖ’ವನ್ನೂ ‘ಅಂತಃಕರಣ’ವನ್ನೂ ಹುಡುಕಿರಿ.

ಮೂರನೆಯದು ಕಣ್ಣಿಗೆ ಕಾಣದ ಎರಡು ಗುರುತುಗಳ ವಿಷಯ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯುವುದು ‘ಜೀರೋ ವಿಡ್ತ್ ನಾನ್ ಜಾಯಿನರ್’. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣಾಕ್ಷರವಾಗಿಯೇ ಉಳಿಯುವಂತೆ ಮಾಡುವುದು ‘ಜೀರೋ ವಿಡ್ತ್ ಜಾಯಿನರ್’. ಇದನ್ನು ರಕಾರಕ್ಕೂ ಅದರ ಅರ್ಧಾಕ್ಷರದ ಗುರುತಿಗೂ ನಡುವೆ ಸೇರಿಸಬೇಕು. ಕೆಲವು ತಂತ್ರಾಂಶಗಳಿಂದ ನಕಲು ಮಾಡಿ ಅಂಟಿಸುವಾಗ ಈ ಗುರುತುಗಳು ಬಿದ್ದುಹೋಗುತ್ತವೆ. ಆದಕಾರಣ ಪಠ್ಯವನ್ನು ಅಂಟಿಸುವುದಕ್ಕಿಂತ ಕಡತವಾಗಿ ಉಳಿಸಿ ಆಮದು ಮಾಡಿಕೊಳ್ಳುವುದು ಲೇಸು, ಮತ್ತು ಆಮದಿನ ಬಳಿಕ ಇಂಗ್ಲಿಷ್ ಮೂಲದ ಹೆಸರುಗಳು ಬರುವ ಒಂದೆರಡು ಪುಟಗಳನ್ನಾದರೂ ಮೂಲದೊಡನೆ ಹೋಲಿಸಿ ನೋಡುವುದು ಅಗತ್ಯ.

ಉಳಿದದ್ದು ಮನೆ ಗುಡಿಸುವ ಕೆಲಸ: ಜೋಡಿ ಖಾಲಿಜಾಗಗಳನ್ನು ಒಂದಾಗಿಸುವುದು, ಅಲ್ಪವಿರಾಮದ ಹಿಂದಿನ ಖಾಲಿಜಾಗವನ್ನು ತೆಗೆಯುವುದು, ಪ್ಯಾರಾಗಳ ನಡುವಿನ ಖಾಲಿ ಸಾಲುಗಳನ್ನೂ ಪ್ಯಾರಾದ ಆರಂಭದಲ್ಲಿ ಒತ್ತಿದ ಟ್ಯಾಬ್‌ಗಳನ್ನೂ ಅಳಿಸುವುದು, ನೆಟ್ಟನೆಯ ಉದ್ಧರಣ ಚಿಹ್ನೆಗಳನ್ನು ಬಾಗಿದ ಚಿಹ್ನೆಗಳಾಗಿಸುವುದು. ನಾನು ಮೊದಲ ಬಾರಿ ಪುಟ ಕಟ್ಟಿದಾಗ ಇದನ್ನೆಲ್ಲ ಪುಟವಿನ್ಯಾಸದ ಜೊತೆಗೇ ಮಾಡಿಕೊಳ್ಳಬಹುದೆಂದು ಭಾವಿಸಿ, ಪ್ರತಿ ತಿದ್ದುಪಡಿಗೂ ಮುಂದಿನ ಮೂವತ್ತು ಪುಟಗಳು ಅಲುಗಾಡುವುದನ್ನು ನೋಡುತ್ತ ಕುಳಿತಿದ್ದೆ. ಲೇಖಕರ ಮೊದಲ ಕರಡು ತಿದ್ದುವಿಕೆಯೂ ಇದೇ ಹಂತದಲ್ಲಿ ಮುಗಿಯಲಿ.

ಫಾಂಟಿನ ಪರೀಕ್ಷೆ

ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ, ಗುಬ್ಬಿ, ಬೆಣ್ಣೆ, ಅನೇಕ್ ಕನ್ನಡ ಮುಂತಾದವು ಉಚಿತವಾಗಿ ದೊರೆಯುವ ಯುನಿಕೋಡ್ ಫಾಂಟ್‌ಗಳು. ಹೆಸರು ನೋಡಿ ಆರಿಸುವ ಬದಲು ‘ಸ್ತ್ರೀ, ರಾಷ್ಟ್ರೀಯ, ವೈಶಿಷ್ಟ್ಯ, ಲಕ್ಷ್ಮಿ, ಸಂಸ್ಕೃತಿ, ಕಾರ್ಯ, ರ‍್ಯಾಂಕ್, ಜ್ಞಾನ, ದುಃಖ’ ಎಂಬ ಪದಗಳ ಸಾಲೊಂದನ್ನು ಪ್ರತಿ ಫಾಂಟಿನಲ್ಲಿಯೂ ಜೋಡಿಸಿ, ಮುದ್ರಿಸಿ ನೋಡಿರಿ. ಚುಕ್ಕೆಗಳ ವೃತ್ತ ಎಲ್ಲಿಯಾದರೂ ಕಾಣಿಸಿಕೊಂಡರೆ ಫಾಂಟು ಅಥವಾ ತಂತ್ರಾಂಶ ಆ ಅಕ್ಷರವನ್ನು ಕಟ್ಟಲಾರದೆ ಕೈಚೆಲ್ಲಿದೆ ಎಂದರ್ಥ. ಒಂದೇ ಪಾಯಿಂಟ್ ಗಾತ್ರದಲ್ಲಿ ಬೇರೆ ಬೇರೆ ಫಾಂಟ್‌ಗಳ ಅಕ್ಷರಗಳು ಚಿಕ್ಕದಾಗಿಯೋ ದೊಡ್ಡದಾಗಿಯೋ ಕಾಣುವುದು ಸಹಜ. ಆದ್ದರಿಂದ ‘ಒಳಪುಟಕ್ಕೆ 12 ಪಾಯಿಂಟ್’ ಎಂಬ ರೂಢಿಯ ಮಾತಿಗೆ ಫಾಂಟಿನ ಹೆಸರು ಸೇರದೆ ಬೆಲೆಯಿಲ್ಲ.

ಓರೆ ಅಕ್ಷರವನ್ನು ಬಳಸದಿರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕನ್ನಡದ ಅಚ್ಚಿನಲ್ಲಿ ಆ ಪರಂಪರೆ ಇಲ್ಲ, ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಓರೆ ರೂಪವೇ ಇಲ್ಲ, ತಂತ್ರಾಂಶವು ಬಲವಂತವಾಗಿ ಬಾಗಿಸಿದ ಅಕ್ಷರ ಗಾಳಿಗೆ ವಾಲಿದ ಬೇಲಿಯಂತೆ ಕಾಣುತ್ತದೆ. ಕೃತಿಗಳ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಸಾಕು.

ಪುಟದ ಅಳತೆ ಮತ್ತು ಲೆಕ್ಕ

ಡೆಮಿ 1/8 ಎಂದರೆ ಕತ್ತರಿಸಿದ ಮೇಲೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮಿಲಿಮೀಟರ್‌ಗಳಲ್ಲಿ ಸುಮಾರು 140 ಮತ್ತು 216. ಮುದ್ರಣಾಲಯಗಳು ಕಾಗದ ಕತ್ತರಿಸುವ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇಟ್ಟುಕೊಂಡಿರುವುದುಂಟು. ಕೇಳಿ ತಿಳಿದ ನಂತರವೇ ಹೊಸ ಕಡತ ತೆರೆಯಿರಿ. ಸ್ಕ್ರೈಬಸ್‌ನಲ್ಲಿ ಹೊಸ ಕಡತದ ಕಿಟಕಿಯಲ್ಲಿ ‘ಫೇಸಿಂಗ್ ಪೇಜಸ್’ (ಎದುರುಬದುರು ಪುಟಗಳು) ಆರಿಸಿ, ಮೊದಲ ಪುಟ ಬಲಗಡೆಯದಾಗಿರಲಿ, ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆ ಅಚ್ಚಿಗೆ ಬಿಡುವ ಹೆಚ್ಚುವರಿ ಜಾಗ, ನಾಲ್ಕೂ ಬದಿ 3 ಮಿ.ಮೀ. ಇರಲಿ.

ಅಂಚುಗಳನ್ನು ಅಂದಾಜಿನಲ್ಲಿ ಇಡುವ ಬದಲು ಸಾಲಿನ ಎತ್ತರದಿಂದ ಹಿಂದಕ್ಕೆ ಲೆಕ್ಕ ಹಾಕುವುದು ಉತ್ತಮ. ತಂತ್ರಾಂಶಗಳು ತಾವಾಗಿ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರದ ಶೇ. 120ರ ಆಸುಪಾಸಿನಲ್ಲಿರುತ್ತದೆ. ರೋಮನ್ ಲಿಪಿಗೆ ಅದು ಸಾಕು. ಆದರೆ ‘ರಾಷ್ಟ್ರ’ದಲ್ಲಿ ಕೆಳಗಿಳಿಯುವ ಎರಡು ಒತ್ತುಗಳು ಮುಂದಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗದಿರಬೇಕಾದರೆ ಕನ್ನಡಕ್ಕೆ ಶೇ. 145ರಿಂದ 150ರಷ್ಟು ಬೇಕು. ನಮ್ಮ ಪುಸ್ತಕಕ್ಕೆ ಅಕ್ಷರ 11.5 ಪಾಯಿಂಟ್, ಸಾಲಿನ ಅಂತರ 17 ಪಾಯಿಂಟ್ ಎಂದಿಟ್ಟುಕೊಳ್ಳೋಣ. ಒಂದು ಪುಟಕ್ಕೆ 29 ಸಾಲು ಎಂದರೆ 493 ಪಾಯಿಂಟ್. ಇಂಚಿಗೆ 72 ಪಾಯಿಂಟ್‌ನಂತೆ ಅದು ಸುಮಾರು 174 ಮಿ.ಮೀ. ಆಗುತ್ತದೆ. ಪುಟದ ಎತ್ತರ 216ರಲ್ಲಿ ಉಳಿಯುವ 42 ಮಿ.ಮೀ.ಯನ್ನು ಮೇಲೆ 22, ಕೆಳಗೆ 20 ಎಂದು ಹಂಚಿದರೆ ಮೇಲಂಚಿನಲ್ಲಿ ಪುಟದ ತಲೆಬರಹಕ್ಕೂ ಸ್ಥಳ ದೊರೆಯುತ್ತದೆ. ಬೈಂಡಿಂಗ್ ಕಡೆಯ ಒಳ ಅಂಚು 20, ಹೊರ ಅಂಚು 15 ಎಂದಿಟ್ಟರೆ ಸಾಲಿನ ಉದ್ದ 105 ಮಿ.ಮೀ. ಒಳ ಅಂಚಿನಲ್ಲಿ ಜಿಪುಣತನ ಮಾಡಬೇಡಿರಿ. ಅಂಟು ಹಾಕಿ ಕಟ್ಟಿದ ಪುಸ್ತಕದಲ್ಲಿ ಸಾಲಿನ ಆರಂಭ ಬೆನ್ನಿನೊಳಗೆ ಹೂತುಹೋಗಿ, ಓದುಗ ಪುಸ್ತಕವನ್ನು ಬಲವಂತವಾಗಿ ಅಗಲಿಸಿ ಕೊನೆಗೆ ಹಾಳೆಗಳೇ ಕಿತ್ತುಬರುತ್ತವೆ.

ಇದೇ 17 ಪಾಯಿಂಟ್‌ಗೆ ಬೇಸ್‌ಲೈನ್ ಗ್ರಿಡ್ (ಸಾಲುಗಳು ಕೂರಬೇಕಾದ ಅಡ್ಡಗೆರೆಗಳ ಜಾಲ) ಹೊಂದಿಸಿಕೊಳ್ಳಿರಿ. ಎದುರುಬದುರು ಪುಟಗಳ ಸಾಲುಗಳು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ, ತೆಳುವಾದ ಕಾಗದದಲ್ಲಿ ಹಿಂಬದಿಯ ಅಚ್ಚು ಮಸುಕಾಗಿ ಕಂಡರೂ ಅದು ಸಾಲಿನ ಹಿಂದೆಯೇ ಅಡಗಿಕೊಳ್ಳುತ್ತದೆ.

ಪುಟಗಳ ಸಂಖ್ಯೆಯನ್ನು ಫಾರಂಗಳಲ್ಲಿ ಯೋಚಿಸಬೇಕು. ಫಾರಂ ಎಂದರೆ ಸಾಮಾನ್ಯವಾಗಿ 16 ಪುಟ. ಒಂದು ಪ್ರಬಂಧವನ್ನು ಮಾತ್ರ ಸುರಿದು ಪುಟಕ್ಕೆ ಎಷ್ಟು ಪದ ಹಿಡಿಯುತ್ತದೆಂದು ಎಣಿಸಿಕೊಳ್ಳಿರಿ. ಪುಟಕ್ಕೆ 190 ಪದ ಬಂದಿತೆಂದರೆ 34,500 ಪದಗಳ ಸಂಕಲನ 182 ಪುಟವಾಗುತ್ತದೆ. ಶೀರ್ಷಿಕೆ ಪುಟ, ಹಕ್ಕುಸ್ವಾಮ್ಯದ ಪುಟ, ಅರ್ಪಣೆ, ಮುನ್ನುಡಿ, ಪರಿವಿಡಿಗಳಿಗೆ 10 ಪುಟ ಸೇರಿದರೆ 192, ಅಂದರೆ ಸರಿಯಾಗಿ 12 ಫಾರಂ. ಲೆಕ್ಕ 195ಕ್ಕೆ ಬಂದಿದ್ದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಅಥವಾ ಅರ್ಧ ಫಾರಂ ಕಾಗದದ ವೆಚ್ಚ ಬೀಳುತ್ತದೆ. ಆಗ ಅಕ್ಷರವನ್ನು ಕುಗ್ಗಿಸುವ ಬದಲು ಪುಟಕ್ಕೆ ಒಂದು ಸಾಲು ಹೆಚ್ಚಿಸಿ ಅಂಚಿನಲ್ಲಿ 6 ಮಿ.ಮೀ. ಬಿಟ್ಟುಕೊಡುವುದನ್ನು ನಾನು ಮೆಚ್ಚುತ್ತೇನೆ.

ಸ್ಟೈಲ್‌ಗಳು, ಮಾಸ್ಟರ್ ಪೇಜ್‌ಗಳು

ಒಂದು ಅಕ್ಷರವನ್ನೂ ಪುಟಕ್ಕೆ ತರುವ ಮೊದಲು ಸ್ಕ್ರೈಬಸ್‌ನ ಸ್ಟೈಲ್ ಮ್ಯಾನೇಜರ್ ತೆರೆದು ಪ್ಯಾರಾಗ್ರಾಫ್ ಸ್ಟೈಲ್‌ಗಳನ್ನು ರಚಿಸಿಕೊಳ್ಳಿರಿ. ಪ್ರಬಂಧದ ಶೀರ್ಷಿಕೆ, ಮೊದಲ ಪ್ಯಾರಾ, ಉಳಿದ ಪ್ಯಾರಾಗಳು, ಪದ್ಯದ ಉಲ್ಲೇಖ, ಅಡಿಟಿಪ್ಪಣಿ, ಪುಟದ ತಲೆಬರಹ ಇಷ್ಟಿದ್ದರೆ ಇಂಥ ಪುಸ್ತಕಕ್ಕೆ ಸಾಕು. ಸ್ಟೈಲ್‌ಗೆ ಭಾಷೆಯನ್ನು ಕನ್ನಡವೆಂದು ಗೊತ್ತುಮಾಡಿರಿ. ಪದ ಒಡೆಯುವ ನಿಯಮಗಳು ಅದನ್ನೇ ಆಧರಿಸಿವೆ. ಪ್ಯಾರಾದ ಮೊದಲ ಸಾಲಿನ ಒಳಸರಿತವನ್ನು 5 ಮಿ.ಮೀ. ಇಟ್ಟು, ಶೀರ್ಷಿಕೆಯ ನಂತರದ ಪ್ಯಾರಾಕ್ಕೆ ಸೊನ್ನೆ ಇಡುವುದು ನೋಟಕ್ಕೆ ಚೆನ್ನ. ಇಷ್ಟಾದ ಮೇಲೆ ಎಲ್ಲಿಯೂ ಪಠ್ಯವನ್ನು ಆಯ್ದು ಕೈಯಿಂದ ಗಾತ್ರ ಬದಲಾಯಿಸಕೂಡದು. ಪ್ರಕಾಶಕರು ಕೊನೆಯ ದಿನ ‘ಅಕ್ಷರ ಸ್ವಲ್ಪ ದೊಡ್ಡದಾಗಲಿ’ ಎಂದಾಗ ಒಂದೇ ಕಡೆ ಬದಲಾಯಿಸಿ ಮುಗಿಸುವವರಿಗೂ ಇಡೀ ರಾತ್ರಿ ಕೂರುವವರಿಗೂ ಇರುವ ವ್ಯತ್ಯಾಸ ಇದರಲ್ಲಿಯೇ ಇದೆ.

ಹಲವು ಪುಟಗಳಲ್ಲಿ ಮರುಕಳಿಸುವ ಅಂಶಗಳನ್ನು ಒಮ್ಮೆಗೇ ಇಟ್ಟುಕೊಳ್ಳುವ ಮಾದರಿ ಪುಟವೇ ಮಾಸ್ಟರ್ ಪೇಜ್; ಅದು ಮೂರು ಬಗೆಯದು ಬೇಕು: ಎಡಪುಟದ ತಲೆಯಲ್ಲಿ ಪುಸ್ತಕದ ಹೆಸರಿರುವುದು, ಬಲಪುಟದ ತಲೆಯಲ್ಲಿ ಪ್ರಬಂಧದ ಹೆಸರಿರುವುದು, ತಲೆಬರಹವೇ ಇಲ್ಲದ ಆರಂಭದ ಪುಟ. ಪುಟಸಂಖ್ಯೆಯನ್ನು ಟೈಪ್ ಮಾಡದೆ, ಇನ್ಸರ್ಟ್ ಮೆನುವಿನಿಂದ ಪುಟಸಂಖ್ಯೆಯ ಗುರುತನ್ನೇ ಸೇರಿಸಿರಿ.

ಪಠ್ಯ ಹರಿಸುವುದು, ಸಾಲು ಹೊಂದಿಸುವುದು

ಸ್ಕ್ರೈಬಸ್‌ನಲ್ಲಿ ಪಠ್ಯ ಉಕ್ಕಿದರೆ ಹೊಸ ಪುಟಗಳು ತಾವಾಗಿ ಹುಟ್ಟುವುದಿಲ್ಲ. ಮೊದಲೇ ಲೆಕ್ಕ ಹಾಕಿದಷ್ಟು ಪುಟಗಳನ್ನು ಸೇರಿಸಿ ಅವುಗಳ ಚೌಕಟ್ಟುಗಳನ್ನು ಒಂದಕ್ಕೊಂದು ಜೋಡಿಸಬೇಕು. ಇಡೀ ಪುಸ್ತಕವನ್ನು ಒಂದೇ ಸರಪಳಿಯಾಗಿ ಜೋಡಿಸಿದರೆ ಕೆಲಸ ಆಮೆಯ ನಡಿಗೆಯಾಗುತ್ತದೆ. ಪ್ರತಿ ಪ್ರಬಂಧಕ್ಕೂ ಪ್ರತ್ಯೇಕ ಸರಪಳಿ ಇದ್ದರೆ ವೇಗವೂ ಉಳಿಯುತ್ತದೆ, ಒಂದರ ತಿದ್ದುಪಡಿ ಇನ್ನೊಂದನ್ನು ಅಲುಗಿಸುವುದಿಲ್ಲ. ಇನ್‌ಡಿಸೈನ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ಪಠ್ಯವನ್ನು ಪುಟದ ಮೇಲೆ ಇಳಿಸಿದರೆ ಬೇಕಾದಷ್ಟು ಪುಟಗಳು ತಾವೇ ಸೇರಿಕೊಳ್ಳುತ್ತವೆ.

ಎರಡೂ ಅಂಚು ಸಮವಾಗಿರುವ ಸಾಲುಗಳಲ್ಲಿ ಕನ್ನಡ ಒಡ್ಡುವ ಸವಾಲು ವಿಶೇಷವಾದದ್ದು. ವಿಭಕ್ತಿ, ಸಂಧಿ, ಕ್ರಿಯಾರೂಪಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ‘ಹೇಳಿಕೊಳ್ಳಬೇಕಾಗಿರಲಿಲ್ಲವೆಂಬುದನ್ನು’ ಎಂಬಂಥ ಪದವೊಂದು ಸಾಲಿನ ಕೊನೆಗೆ ಬಂದು ಹಿಡಿಸದಿದ್ದರೆ ಕೆಳಕ್ಕೆ ಜಾರುತ್ತದೆ. ಮೇಲಿನ ಸಾಲಿನಲ್ಲಿ ಉಳಿದ ನಾಲ್ಕು ಪದಗಳು ಜಾತ್ರೆ ಮುಗಿದ ಬಯಲಿನಲ್ಲಿ ನಿಂತವರಂತೆ ದೂರ ದೂರ ನಿಲ್ಲುತ್ತವೆ. ಇದಕ್ಕೆ ಪರಿಹಾರ ಪದ ಒಡೆಯುವುದು. ಸ್ಕ್ರೈಬಸ್‌ನಲ್ಲಿ ಕನ್ನಡದ ಪದವಿಭಜನೆಯ ಕಡತವನ್ನು ಸೇರಿಸಿಕೊಂಡು, ಎಕ್ಸ್‌ಟ್ರಾಸ್ ಮೆನುವಿನ ಮೂಲಕ ಚೌಕಟ್ಟಿಗೆ ಅನ್ವಯಿಸಬಹುದು. ಅದು ಅಕ್ಷರ ಮುಗಿಯುವಲ್ಲಿ ಒಡೆಯುತ್ತದೆಯೇ ಹೊರತು ಅರ್ಥ ನೋಡುವುದಿಲ್ಲ. ಹಾಗಾಗಿ ‘ಹೇಳಿಕೊಳ್ಳ-ಬೇಕಾಗಿರಲಿಲ್ಲ’ ಎಂದು ಒಡೆಯಬಹುದಾದಲ್ಲಿ ‘ಹೇಳಿಕೊಳ್ಳಬೇ-ಕಾಗಿರಲಿಲ್ಲ’ ಎಂದು ಒಡೆದೀತು. ಕಣ್ಣಿಗೆ ತೀರ ಚುಚ್ಚುವಂಥವನ್ನು ‘ಸಾಫ್ಟ್ ಹೈಫನ್’ (ಪದ ಸಾಲಿನ ಕೊನೆಯಲ್ಲಿ ಒಡೆದಾಗ ಮಾತ್ರ ಕಾಣುವ ಗೆರೆ) ಬಳಸಿ ತಿದ್ದಿರಿ. ಸಾಮಾನ್ಯ ಹೈಫನ್ ಒತ್ತಿದರೆ ಮುಂದೊಮ್ಮೆ ಸಾಲು ಸರಿದಾಗ ಅದು ಪದದ ನಡುವೆಯೇ ಉಳಿದು ಅಚ್ಚಾಗುತ್ತದೆ. ಸಾಲಿನ ಕೊನೆಯಲ್ಲಿ ಎರಡಕ್ಕಿಂತ ಕಡಮೆ ಅಕ್ಷರ ಉಳಿಯದಂತೆ, ಸತತ ಮೂರು ಸಾಲು ಹೈಫನ್‌ನಲ್ಲಿ ಮುಗಿಯದಂತೆ ನೋಡಿಕೊಂಡರೆ ಸಾಕು.

ಪದಗಳ ನಡುವಿನ ಅಂತರ ಹಿಗ್ಗಿ ಕುಗ್ಗಲು ಅವಕಾಶ ಕೊಡಿ, ಅಕ್ಷರಗಳ ನಡುವಿನ ಅಂತರಕ್ಕೆ ಮಾತ್ರ ಕೈ ಹಾಕಬೇಡಿರಿ. ಅಕ್ಷರಗಳನ್ನು ಎಳೆದು ಸಾಲು ತುಂಬಿಸಿದಾಗ ಕೆಲವು ಫಾಂಟ್‌ಗಳಲ್ಲಿ ಒತ್ತು ತನ್ನ ಅಕ್ಷರವನ್ನು ಬಿಟ್ಟು ಸರಿದುಬಿಡುತ್ತದೆ. ಹೆಸರಿನ ಮೊದಲಕ್ಷರಗಳ ನಡುವೆ, ‘ರೂ. 50’, ‘ಪು. 32’ ಇಂಥವುಗಳ ನಡುವೆ ಸಾಲು ಮುರಿಯದ ಖಾಲಿಜಾಗವನ್ನು ಬಳಸಿರಿ. ಪ್ಯಾರಾದ ಕೊನೆಯ ಒಂದೇ ಸಾಲು ಮುಂದಿನ ಪುಟದ ತಲೆಯಲ್ಲಿ ಒಂಟಿಯಾಗಿ ನಿಲ್ಲದಂತೆ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿಯೇ ನಿಯಮ ಹಾಕಬಹುದು. ಪದ್ಯಭಾಗಗಳನ್ನು ಎಡಕ್ಕೆ ಮಾತ್ರ ಹೊಂದಿಸುವುದು ಸರಿ.

ಚಿತ್ರ, ಬಣ್ಣ, ಮುಖಪುಟ

ಚಿತ್ರಗಳು ಅಚ್ಚಾಗುವ ಗಾತ್ರದಲ್ಲಿ ಇಂಚಿಗೆ 300 ಬಿಂದುಗಳಷ್ಟಿರಬೇಕು. ನಾಲ್ಕು ಇಂಚು ಅಗಲದ ಚಿತ್ರಕ್ಕೆ 1200 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಹಿಂಡಿಹೋಗಿರುತ್ತದೆಯಾದ್ದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸುವಂತೆ ಲೇಖಕರನ್ನು ಕೇಳಿರಿ.

ಬಣ್ಣದ ವಿಷಯದಲ್ಲಿ ಒಂದು ಬಲೆಯಿದೆ. ವರ್ಡ್‌ನಿಂದ ಬಂದ ಪಠ್ಯದ ಕಪ್ಪು ಕೆಲವೊಮ್ಮೆ ಕೆಂಪು, ಹಸಿರು, ನೀಲಿಗಳ ಲೆಕ್ಕದ ಕಪ್ಪಾಗಿರುತ್ತದೆ. ಮುದ್ರಣಕ್ಕೆ ಪರಿವರ್ತನೆಯಾದಾಗ ಅದು ನಾಲ್ಕೂ ಶಾಯಿಗಳಿಗೆ ಹಂಚಿಹೋಗಿ, ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. ಸ್ಟೈಲ್‌ನಲ್ಲಿ ಅಕ್ಷರದ ಬಣ್ಣವನ್ನು ಕಪ್ಪು ಶಾಯಿ 100, ಉಳಿದ ಮೂರು ಸೊನ್ನೆ ಎಂದು ನಿಗದಿಪಡಿಸಿ, ಸ್ಕ್ರೈಬಸ್‌ನ ಪ್ರಿಂಟ್ ಪ್ರಿವ್ಯೂ ಅಥವಾ ಇನ್‌ಡಿಸೈನ್‌ನ ಸೆಪರೇಶನ್ಸ್ ಪ್ರಿವ್ಯೂನಲ್ಲಿ ಕಪ್ಪನ್ನು ಮರೆಮಾಡಿ ನೋಡಿರಿ: ಒಂದು ಅಕ್ಷರವೂ ಉಳಿದಿರಬಾರದು.

ಮುಖಪುಟವನ್ನು ಬೇರೆ ಕಡತದಲ್ಲಿ, ಬೆನ್ನುಪುಟ, ಬೆನ್ನು, ಮುಖಪುಟ ಮೂರೂ ಸೇರಿದ ಒಂದೇ ಹಾಳೆಯಾಗಿ ಕಟ್ಟಬೇಕು. 192 ಪುಟ ಎಂದರೆ 96 ಹಾಳೆ. ಹಾಳೆಯ ದಪ್ಪ 0.09 ಮಿ.ಮೀ. ಎಂದು ಹಿಡಿದರೆ ಬೆನ್ನು ಸುಮಾರು 8.6 ಮಿ.ಮೀ. ಆಗ ಹಾಳೆಯ ಒಟ್ಟು ಅಗಲ ಎರಡು 140, ಒಂದು 8.6, ಎರಡು ಬದಿಯ ಬ್ಲೀಡ್ 6 ಸೇರಿ 294.6 ಮಿ.ಮೀ. ಒಂದೇ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದವಾದರೂ ಕಾರ್ಖಾನೆಯಿಂದ ಕಾರ್ಖಾನೆಗೆ ದಪ್ಪ ಬದಲಾಗುವುದರಿಂದ, ಬಳಸಲಿರುವ ಕಾಗದದಲ್ಲಿಯೇ ಖಾಲಿ ಪುಸ್ತಕವೊಂದನ್ನು ಕಟ್ಟಿಸಿ ಅಳೆಯುವುದೇ ಖಚಿತ ವಿಧಾನ. ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ಬೇಕಿದ್ದರೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಉಚಿತವಾಗಿ ದೊರೆಯುತ್ತದೆ. ಮುಖಪುಟ ಮುಗಿಯುವ ಮೊದಲೇ ಅರ್ಜಿ ಹಾಕಿರಿ.

ಪಿಡಿಎಫ್ ಮತ್ತು ಕೊನೆಯ ಕರಡು

ಕಡತವನ್ನು ತೆರೆದ ರೂಪದಲ್ಲಿ ಮುದ್ರಣಾಲಯಕ್ಕೆ ಕೊಡಬೇಡಿರಿ. ಅಲ್ಲಿ ಫಾಂಟಿನ ಬೇರೊಂದು ಆವೃತ್ತಿ ಇದ್ದರೂ ಸಾಲುಗಳು ಸರಿಯುತ್ತವೆ. ಫಾಂಟ್‌ಗಳೆಲ್ಲ ಒಳಗೇ ಅಡಕವಾದ ಪಿಡಿಎಫ್ ಕೊಡಬೇಕು. ಮುದ್ರಣಕ್ಕೆಂದೇ ರೂಪಿಸಿದ ಪಿಡಿಎಫ್ ಮಾನಕಗಳಾದ ಪಿಡಿಎಫ್/ಎಕ್ಸ್-1ಎ ಅಥವಾ ಎಕ್ಸ್-4ರಲ್ಲಿ ಯಾವುದು ಬೇಕೆಂದು ಕೇಳಿಕೊಳ್ಳಿರಿ. ಸ್ಕ್ರೈಬಸ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ (ಬಣ್ಣಗಳ ನಿರ್ವಹಣೆ) ಆರಂಭಿಸದಿದ್ದರೆ ಈ ಆಯ್ಕೆಗಳು ತೆರೆದುಕೊಳ್ಳುವುದಿಲ್ಲ. ಮುದ್ರಣಾಲಯದ ಯಂತ್ರದಲ್ಲಿ ಕನ್ನಡ ಒಡೆಯುತ್ತಿದೆಯೆಂದಾದರೆ ಅಕ್ಷರಗಳನ್ನು ಬಾಹ್ಯರೇಖೆಗಳಾಗಿ ಪರಿವರ್ತಿಸಿ ಕೊಡುವ ದಾರಿಯೊಂದಿದೆ. ಆದರೆ ಅಂಥ ಪಿಡಿಎಫ್‌ನಲ್ಲಿ ಪದ ಹುಡುಕಲಾಗದು, ಕೊನೆಯ ಉಪಾಯವಾಗಿ ಮಾತ್ರ ಇದನ್ನು ಬಳಸಿರಿ.

ಆ ಪಿಡಿಎಫ್‌ನ್ನೇ ನೂರಕ್ಕೆ ನೂರು ಅಳತೆಯಲ್ಲಿ ಎ4 ಹಾಳೆಯ ಮೇಲೆ ಮುದ್ರಿಸಿಕೊಂಡು, ಕತ್ತರಿಸುವ ಗುರುತಿನಂತೆ ಕತ್ತರಿಸಿ ಓದಿರಿ. ಈ ಸುತ್ತಿನಲ್ಲಿ ಕಾಗುಣಿತಕ್ಕಿಂತ ಪುಟವನ್ನು ನೋಡಬೇಕು: ಪರಿವಿಡಿಯ ಪುಟಸಂಖ್ಯೆ ಒಳಗಿನದಕ್ಕೆ ಹೊಂದುತ್ತದೆಯೇ, ಬಲಪುಟದ ತಲೆಬರಹ ಆ ಪ್ರಬಂಧದ್ದೇ ಆಗಿದೆಯೇ, ಚೌಕಟ್ಟಿನ ಆಚೆ ಉಕ್ಕಿ ಕಾಣದೆ ಹೋದ ಸಾಲು ಇದೆಯೇ. ಪ್ರತಿ ಪ್ರಬಂಧದ ಕೊನೆಯ ವಾಕ್ಯವನ್ನು ಮೂಲ ಕಡತದ ಕೊನೆಯ ವಾಕ್ಯದೊಡನೆ ಹೋಲಿಸಿದರೆ ಕೊನೆಯ ಈ ದೋಷ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ತಿದ್ದುಪಡಿಗಳನ್ನು ಹಾಕಿದ ಮೇಲೆ ತಿದ್ದಿದ ಪುಟವನ್ನಷ್ಟೇ ನೋಡದೆ ಆ ಪ್ರಬಂಧ ಮುಗಿಯುವವರೆಗಿನ ಎಲ್ಲ ಪುಟಗಳನ್ನೂ ಮತ್ತೆ ತಿರುವಿ ಹಾಕಿರಿ. ಬಳಿಕ ಸ್ಕ್ರೈಬಸ್ ಕಡತ, ಚಿತ್ರಗಳು, ಫಾಂಟ್‌ಗಳು, ಹಸನು ಮಾಡಿದ ಪಠ್ಯ ಮತ್ತು ಮುದ್ರಣಕ್ಕೆ ಹೋದ ಪಿಡಿಎಫ್ ಇವೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ದಿನಾಂಕ ಹಾಕಿ ಉಳಿಸಿ, ಅದರ ಒಂದು ಪ್ರತಿಯನ್ನು ಪ್ರಕಾಶಕರಿಗೂ ಕೊಡಿರಿ.